ಕೂಸು ಲಾಗ ಹಾಕಿದರೆ ಯಶಸ್ಸು ಯಾರಿಗೆ?

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳನ್ನು ಜಗುಲಿಯಲ್ಲಿ ಹರಡಿಕೊಂಡು ವಿಂಗಡಿಸುವಾಗ ಐದು ಪತ್ರ ಒಂದೇ ಕಡೆ ಸೇರಿದವು. ಐದರಲ್ಲೂ ಕೂಸಿನ ತಲೆ ಮೇಲಿದೆ, ಕುಂಡೆ ಕೆಳಗಿದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಬ್ರೀಚ್’ ಎಂದು ಬರೆಯುತ್ತಾರೆ, ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ‘ಕೂಸು ಉಲ್ಟಾ ಇದೆಯಂತೆ’ ಎನ್ನುತ್ತಾರೆ. ಶಿರಸಿಯಲ್ಲಿ ಮೂವತ್ನಾಲ್ಕು ವರ್ಷ ಹೆರಿಗೆ ಮಾಡಿಸಿದವಳಿಗೆ ಈ ವಿಷಯ ಹೊಸದಲ್ಲ. ಒಂದು ಪ್ರಶ್ನೆ ಮಾತ್ರ ಹೊಸದು. ಅದರಿಂದಲೇ ಶುರು ಮಾಡುತ್ತೇನೆ.

*

ಪ್ರಶ್ನೆ: ಡಾಕ್ಟರಮ್ಮ, ನನಗೆ 27 ವರ್ಷ, ಚೊಚ್ಚಲು, ಈಗ 32 ವಾರ. ಮೊನ್ನೆಯ ಸ್ಕ್ಯಾನಿಂಗ್‌ನಲ್ಲಿ ಮಗು ಬ್ರೀಚ್ ಎಂದು ಬಂದಿದೆ. ಅಮೆರಿಕದಲ್ಲಿರುವ ನಾದಿನಿ ಫೋನ್ ಮಾಡಿ, ಅಲ್ಲಿ ಇಂಥದ್ದಕ್ಕೆ ಕೈರೊಪ್ರಾಕ್ಟಿಕ್ ಚಿಕಿತ್ಸೆ ಇದೆ, ಬೆನ್ನುಮೂಳೆ ಸರಿ ಮಾಡಿದರೆ ಮಗು ತಾನೇ ತಿರುಗುತ್ತದೆ, ನೂರಕ್ಕೆ 82 ಜನರಿಗೆ ಗುಣ ಸಿಕ್ಕಿದೆ ಎಂದಳು. ನಮ್ಮವರು ಬೆಂಗಳೂರಿನಲ್ಲಿ ಒಬ್ಬರನ್ನು ಹುಡುಕಿದ್ದಾರೆ. ಆರು ಸಲ ಬರಬೇಕಂತೆ. ರಾತ್ರಿ ಬಸ್ಸಿನಲ್ಲಿ ಹೋಗಿ ಬರಬಹುದೇ? ನನಗೆ ಸೊಂಟನೋವೂ ಇದೆ.
(ಹೆಸರು ಬೇಡ, ಶಿರಸಿ)

ಉತ್ತರ: ನಿಮ್ಮ ಪತ್ರದಲ್ಲಿ 32 ಮತ್ತು 82 ಎಂಬ ಎರಡು ಅಂಕಿಗಳಿವೆ. ನೀವು ಎರಡನೆಯದನ್ನು ಹಿಡಿದುಕೊಂಡಿದ್ದೀರಿ, ನಾನು ಮೊದಲನೆಯದನ್ನು ಹಿಡಿದುಕೊಳ್ಳುತ್ತೇನೆ.

28ನೆಯ ವಾರದಲ್ಲಿ ನೂರು ಗರ್ಭಿಣಿಯರ ಹೊಟ್ಟೆ ನೋಡಿದರೆ ಸುಮಾರು ಇಪ್ಪತ್ತು ಕೂಸುಗಳು ಕುಂಡೆ ಕೆಳಗಾಗಿ ಕುಳಿತಿರುತ್ತವೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವವು ಮೂರೋ ನಾಲ್ಕೋ. ಉಳಿದವನ್ನು ಯಾರೂ ತಿರುಗಿಸಿರುವುದಿಲ್ಲ. ಮೊದಲು ಗರ್ಭನೀರು ಹೆಚ್ಚು, ಕೂಸು ಚಿಕ್ಕದು, ಕೆರೆಯ ಮೀನಿನಂತೆ ಬೇಕಾದ ಕಡೆ ಹೊರಳುತ್ತದೆ. ಬೆಳೆಯುತ್ತ ಬಂದಂತೆ ಜಾಗ ಬಿಗಿಯಾಗುತ್ತದೆ. ಗರ್ಭಕೋಶ ಮೇಲೆ ಅಗಲ, ಕೆಳಗೆ ಕಿರಿದು. ಮಡಚಿದ ಕಾಲು ಮತ್ತು ಕುಂಡೆ ಸೇರಿದರೆ ತಲೆಗಿಂತ ದೊಡ್ಡ ಗಂಟು. ಆ ಗಂಟಿಗೆ ಅಗಲವಾದ ಮೇಲಿನ ಕೋಣೆಯೇ ಹಿತ, ಹಾಗಾಗಿ ತಲೆ ಕೆಳಗೆ ಬರುತ್ತದೆ. ಇದು ಬಹಳ ಮಟ್ಟಿಗೆ 36ನೆಯ ವಾರದೊಳಗೆ ನಡೆದುಹೋಗುವ ಸಂಗತಿ. ನಿಮಗಿನ್ನೂ 32. ನಿಮ್ಮ ಕೂಸು ತಡವಾಗಿದೆ ಎಂದು ಯಾರು ಹೇಳಿದರು?

ನನ್ನದೇ ಕಥೆ ಹೇಳುತ್ತೇನೆ. 1988ರಲ್ಲಿ ನನ್ನ ಮಗಳು ಹೊಟ್ಟೆಯಲ್ಲಿದ್ದಾಗ 33 ವಾರಕ್ಕೆ ಬ್ರೀಚ್. ಅಡಿಕೆ ಕೊಯಿಲಿನ ದಿನಗಳು, ಮನೆ ತುಂಬ ಜನ. ಅತ್ತೆಯವರು ಮಾರಿಕಾಂಬೆಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತರು. ಬಾಣಂತಿಯರಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿ ದಿನಾ ಸಂಜೆ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿದಳು. ನನ್ನ ಹಿರಿಯ ವೈದ್ಯರು ಮೊಣಕಾಲೂರಿ, ಎದೆ ನೆಲಕ್ಕೆ ತಾಗಿಸಿ, ಕುಂಡೆ ಎತ್ತಿ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಇರು ಎಂದರು. 35ನೆಯ ವಾರದ ಒಂದು ರಾತ್ರಿ ಹೊಟ್ಟೆಯೊಳಗೆ ಯಾರೋ ಹಾಸಿಗೆ ಮಗುಚಿ ಹಾಕಿದ ಹಾಗಾಯಿತು. ಬೆಳಿಗ್ಗೆ ಕೈಯಿಟ್ಟು ನೋಡಿಕೊಂಡರೆ ಪಕ್ಕೆಲುಬಿನ ಕೆಳಗಿದ್ದ ಗಟ್ಟಿ ಉಂಡೆ ಮಾಯ. ಅತ್ತೆ ಉಡಿ ಸಾಮಾನು ಕಟ್ಟಿಕೊಂಡು ಗುಡಿಗೆ ಹೋದರು, ಅಜ್ಜಿ ಒಂದು ಸೀರೆ ಕೇಳಿ ಪಡೆದಳು, ನಮ್ಮ ಹಿರಿಯರು ಮುಂದಿನ ಹತ್ತು ವರ್ಷ ನನ್ನನ್ನು ಉದಾಹರಣೆ ಕೊಟ್ಟು ಪಾಠ ಮಾಡಿದರು. ಹಿಂದಿನ ರಾತ್ರಿ ನಾನು ಆರು ಹಲಸಿನ ಹಪ್ಪಳ ತಿಂದಿದ್ದೆ. ಪುಣ್ಯಕ್ಕೆ ಹಪ್ಪಳ ಮಾಡಿದವರು ಪಾಲು ಕೇಳಲು ಬರಲಿಲ್ಲ.

ಈಗ ನಿಮ್ಮ 82ಕ್ಕೆ ಬರೋಣ. ಕೈರೊಪ್ರಾಕ್ಟಿಕ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ. ಶುರು ಮಾಡಿದವನು ಡಿ. ಡಿ. ಪಾಮರ್. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ, ತಿರುವಿ ಸರಿಪಡಿಸುವ ಪದ್ಧತಿ ಅದು. ಮೊಬೈಲಿನಲ್ಲಿ ನೀವು ನೋಡುವ ‘ಲಟಕ್’ ಎಂಬ ಸದ್ದು ಮೂಳೆ ಕೂಡಿಕೊಂಡ ಸದ್ದು ಎಂದು ಜನ ತಿಳಿಯುತ್ತಾರೆ. ನಮ್ಮ ಅಜ್ಜಿಯರು ದೃಷ್ಟಿ ತೆಗೆದು ಲಟಿಕೆ ಮುರಿಯುವಾಗ ಬರುತ್ತಿದ್ದ ಸದ್ದೂ ಅದೇ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವುದರಿಂದ ಅದು ಬರುತ್ತದೆ.

ನಾದಿನಿ ಹೇಳಿದ್ದು ಬಹುಶಃ ವೆಬ್‌ಸ್ಟರ್ ವಿಧಾನ. ಲ್ಯಾರಿ ವೆಬ್‌ಸ್ಟರ್ ಎಂಬ ಅಮೆರಿಕದ ಕೈರೊಪ್ರಾಕ್ಟರ್ ರೂಪಿಸಿದ್ದು. ಗರ್ಭಿಣಿಯನ್ನು ಹೊಟ್ಟೆಗೆ ಜಾಗ ಬಿಟ್ಟ ಮೇಜಿನ ಮೇಲೆ ಬೋರಲು ಮಲಗಿಸುತ್ತಾರೆ. ಎರಡೂ ಹಿಮ್ಮಡಿಗಳನ್ನು ಕುಂಡೆಯ ಕಡೆಗೆ ಮಡಚಿ, ಯಾವ ಕಾಲು ಬಿಗಿಯಾಗಿದೆ ಎಂದು ನೋಡುತ್ತಾರೆ. ಆ ಬದಿಯಲ್ಲಿ ಸೊಂಟದ ಹಿಂದಿನ ತ್ರಿಕೋನಾಕಾರದ ಮೂಳೆಯನ್ನು ಒತ್ತಿ ಸರಿಹೊಂದಿಸುತ್ತಾರೆ. ಆಮೇಲೆ ಅಂಗಾತ ಮಲಗಿಸಿ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಮಗುವನ್ನು ಮುಟ್ಟಿ ತಿರುಗಿಸುವುದಿಲ್ಲ. ಗರ್ಭಕೋಶವನ್ನು ಸೊಂಟಕ್ಕೆ ಕಟ್ಟಿರುವ ತಂತುಗಳು ಸಡಿಲವಾದರೆ ಕೂಸಿಗೆ ಹೊರಳಲು ಎಡೆ ಸಿಗುತ್ತದೆ ಎಂಬುದು ಅವರ ವಾದ. ತಂತುಗಳಿರುವುದು ನಿಜ. ಅವು ಸಡಿಲವಾಗಿಯೇ ಕೂಸು ತಿರುಗಿತು ಎಂದು ತೋರಿಸಿಕೊಟ್ಟವರು ಇಲ್ಲ.

82 ಎಲ್ಲಿಂದ ಬಂತು? 2002ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಿಂದ. ಅದರಲ್ಲಿ ಚಿಕಿತ್ಸೆ ಕೊಟ್ಟವರಿಗೇ ಪ್ರಶ್ನಾವಳಿ ಕಳುಹಿಸಿ, ನಿಮ್ಮಲ್ಲಿ ಎಷ್ಟು ಮಂದಿಗೆ ಗುಣವಾಯಿತು ಎಂದು ಕೇಳಿದ್ದರು. ಉತ್ತರ ಬರೆದು ಕಳುಹಿಸಿದವರು ಕೆಲವರೇ. ಚಿಕಿತ್ಸೆ ಪಡೆಯದೆ ಮನೆಯಲ್ಲಿದ್ದ ಗರ್ಭಿಣಿಯರ ಸಾಲು ಪಕ್ಕದಲ್ಲಿ ಇರಲಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿ ರುಚಿಯಾಗಿದೆಯೇ ಎಂದು ಭರಣಿ ಇಟ್ಟವಳನ್ನೇ ಕೇಳಿದ ಹಾಗೆ.

ಪಕ್ಕದ ಸಾಲು ಯಾಕೆ ಬೇಕು ಎಂಬುದಕ್ಕೆ ಬೇರೆ ಚಿಕಿತ್ಸೆಯೊಂದರ ಲೆಕ್ಕ ಕೊಡುತ್ತೇನೆ. ಚೀನಾದಲ್ಲಿ ಕಾಲಿನ ಕಿರುಬೆರಳಿನ ಬಳಿ ಒಣಮೂಲಿಕೆಯ ಕಡ್ಡಿ ಉರಿಸಿ ಶಾಖ ಕೊಡುವ ಪದ್ಧತಿ ಇದೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 33ನೆಯ ವಾರದ 260 ಚೊಚ್ಚಲ ಗರ್ಭಿಣಿಯರನ್ನು ಎರಡು ಪಾಲು ಮಾಡಿದರು. ಶಾಖ ಪಡೆದ 130 ಮಂದಿಯಲ್ಲಿ 98 ಕೂಸುಗಳು 35ನೆಯ ವಾರಕ್ಕೆ ತಲೆ ಕೆಳಗಾಗಿದ್ದವು. ಒಳ್ಳೆಯ ಫಲ ಎನ್ನಿಸುತ್ತದೆ ಅಲ್ಲವೇ? ಶಾಖ ಪಡೆಯದ 130 ಮಂದಿಯಲ್ಲೂ 62 ಕೂಸುಗಳು ತಿರುಗಿದ್ದವು. ಈ ಎರಡನೆಯ ಸಾಲು ಇದ್ದದ್ದರಿಂದ ಶಾಖದ ಪಾಲೆಷ್ಟು, ಕೂಸಿನ ಪಾಲೆಷ್ಟು ಎಂದು ಕೇಳಲಾದರೂ ಸಾಧ್ಯವಾಯಿತು. ವೆಬ್‌ಸ್ಟರ್ ವಿಧಾನಕ್ಕೆ ಅಂಥ ಎರಡನೆಯ ಸಾಲಿನ ಬಲವಾದ ಲೆಕ್ಕವೇ ಇಲ್ಲ. ಆ ವಿಧಾನ ಕಲಿಸುವವರ ಸಂಸ್ಥೆ ಕೂಡ ಇಂದು ಅದನ್ನು ಸೊಂಟದ ಮೂಳೆಯ ಚಿಕಿತ್ಸೆ ಎಂದೇ ವಿವರಿಸುತ್ತದೆ. ಕೂಸು ತಿರುಗಿಸುವ ಚಿಕಿತ್ಸೆ ಎನ್ನುವುದಿಲ್ಲ. ‘ಗ್ಯಾರಂಟಿ’ ಎನ್ನುವುದು ಜಾಹೀರಾತಿನವರು.

ಹಾಗಾದರೆ ಹೋಗಬಾರದೇ? ಸೊಂಟನೋವಿಗಾದರೆ ಮೃದುವಾದ ಕೈಚಿಕಿತ್ಸೆಯಿಂದ ಕೆಲವರಿಗೆ ಹಿತವಾಗುತ್ತದೆ, ನಾನು ಅಡ್ಡ ಬರುವುದಿಲ್ಲ. ಆದರೆ ಆ ಕೆಲಸಕ್ಕೆ ಶಿರಸಿಯಲ್ಲೇ ಫಿಸಿಯೋಥೆರಪಿಯವರಿದ್ದಾರೆ. ಆರು ರಾತ್ರಿ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಿ, ಆರು ರಾತ್ರಿ ಕುಲುಕಿಕೊಂಡು ಬಂದರೆ ಸೊಂಟನೋವು ಇಲ್ಲದವರಿಗೂ ಬರುತ್ತದೆ. ನಮ್ಮ ದೇಶದಲ್ಲಿ ಕೈರೊಪ್ರಾಕ್ಟರ್ ಎಂದು ಫಲಕ ಹಾಕಿಕೊಳ್ಳುವವರಿಗೆ ವೈದ್ಯರಿಗಿರುವಂತೆ ನೋಂದಣಿ ಮಂಡಳಿ ಇಲ್ಲ. ನಾಲ್ಕಾರು ವರ್ಷ ಓದಿ ಬಂದವರೂ ಆ ಫಲಕ ಹಾಕಬಹುದು, ನಾಲ್ಕು ವಾರಾಂತ್ಯ ಕಲಿತವರೂ ಹಾಕಬಹುದು. ಹೋಗಿಯೇ ಹೋಗುತ್ತೀರಾದರೆ ಎಲ್ಲಿ ಕಲಿತಿರಿ, ಗರ್ಭಿಣಿಯರನ್ನು ನೋಡಿದ ಅನುಭವ ಎಷ್ಟು ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ. ಕುತ್ತಿಗೆಯನ್ನು ಮಾತ್ರ ತಿರುವಲು ಬಿಡಬೇಡಿ. ಅಪರೂಪಕ್ಕಾದರೂ ಅದರಿಂದ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದಿದೆ. ಮಾಸು ಕೆಳಗೆ ಕೂತಿದ್ದರೆ, ರಕ್ತ ಕಾಣಿಸಿಕೊಂಡಿದ್ದರೆ, ನೀರು ಸೋರುತ್ತಿದ್ದರೆ, ಬಿ.ಪಿ. ಏರಿದ್ದರೆ ಆ ಮೇಜು ಹತ್ತಲೇಬೇಡಿ.

ಮನೆಯಲ್ಲಿ ಮೊಣಕಾಲೂರಿ ಕುಂಡೆ ಎತ್ತುವ ಭಂಗಿ ಮಾಡುವುದಿದ್ದರೆ ಮಾಡಿ. ಅದರಿಂದ ಕೂಸು ತಿರುಗುತ್ತದೆಂದು ಸಾಬೀತಾಗಿಲ್ಲ, ಸುಸ್ತಾಗುವುದು ಬಿಟ್ಟರೆ ನಷ್ಟವೂ ಇಲ್ಲ. ನಿಮ್ಮ ನಿಜವಾದ ಕೆಲಸ ಬೇರೆ ಇದೆ. ತಾಯಿ ಕಾರ್ಡಿನ ಮೇಲೆ 36ನೆಯ ವಾರದ ದಿನಾಂಕಕ್ಕೆ ಕೆಂಪು ಗುರುತು ಹಾಕಿ. ಅಂದು ಮತ್ತೊಮ್ಮೆ ಸ್ಕ್ಯಾನಿಂಗ್ ಆಗಬೇಕು. ಆರು ಭೇಟಿಯ ಪ್ಯಾಕೇಜು ಮುಗಿಯಲಿ, ಆಮೇಲೆ ನೋಡೋಣ ಎಂದು ಆ ವಾರ ದಾಟಿಸಿದವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಯಾಕೆಂಬುದು ಕಾರವಾರದವರಿಗೆ ಬರೆದ ಉತ್ತರದಲ್ಲಿದೆ, ಅದನ್ನೂ ಓದಿ.

ಒಂದು ಮಾತು, ಚಿಕಿತ್ಸೆಗೆ ಸಂಬಂಧವಿಲ್ಲದ್ದು. ನನ್ನ ತವರೂರಿನಲ್ಲಿ ಕಾಲು ಮುಂದಾಗಿ ಹುಟ್ಟಿದ ಒಬ್ಬರಿದ್ದರು. ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಅವರ ಮನೆಯ ಹೊಸ್ತಿಲಲ್ಲಿ ಬೋರಲು ಮಲಗುತ್ತಿದ್ದರು, ಅವರು ಬಂದು ಬೆನ್ನಿಗೆ ಕಾಲು ತಾಗಿಸಿ ಮೂರು ಸಲ ಮೆಲ್ಲಗೆ ಒದೆಯುತ್ತಿದ್ದರು. ಬ್ರೀಚ್ ಆಗಿ ಹುಟ್ಟಿದವರು ಬೆನ್ನು ಸರಿ ಮಾಡುತ್ತಾರೆ ಎಂಬುದು ನಮ್ಮ ನಂಬಿಕೆ, ಬೆನ್ನು ಸರಿ ಮಾಡಿದರೆ ಬ್ರೀಚ್ ಸರಿಹೋಗುತ್ತದೆ ಎಂಬುದು ಅಮೆರಿಕದ ನಂಬಿಕೆ. ನಮ್ಮವರು ಒದೆಯಲು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

*

ಪ್ರಶ್ನೆ: ನಾನು ಸ್ಕೂಟರ್ ಓಡಿಸಿದ್ದಕ್ಕೆ, ಎಡಕ್ಕೆ ಮಲಗದೆ ಬಲಕ್ಕೆ ಮಲಗಿದ್ದಕ್ಕೆ ಮಗು ತಿರುಗಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನ್ನದೇ ತಪ್ಪೇ?
(ಹೊನ್ನಾವರ)

ಉತ್ತರ: ಅಲ್ಲ. ಅವಳಿ ಇದ್ದಾಗ, ನೀರು ತೀರ ಹೆಚ್ಚೋ ಕಡಿಮೆಯೋ ಆದಾಗ, ಮಾಸು ಕೆಳಗಿದ್ದಾಗ, ಗರ್ಭಕೋಶದಲ್ಲಿ ಗಡ್ಡೆ ಇದ್ದಾಗ ಅಥವಾ ಅದರ ನಡುವೆ ಗೋಡೆಯಂಥದ್ದು ಇದ್ದಾಗ ಕೂಸು ಹಾಗೆ ಉಳಿಯಬಹುದು. ಬಹಳ ಸಲ ಕಾರಣವೇ ಸಿಗುವುದಿಲ್ಲ. ಸ್ಕೂಟರಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈ ಪುಟ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ.

*

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಎಂಟು ತಿಂಗಳು ತುಂಬಿದೆ, ಕೂಸು ಅಡ್ಡಾದಿಡ್ಡಿ ಇದೆ ಎಂದಿದ್ದಾರೆ. ನಮ್ಮ ಕೇರಿಯಲ್ಲಿ ಒಬ್ಬ ಅಜ್ಜಿ ಹೊಟ್ಟೆಗೆ ಎಣ್ಣೆ ಹಚ್ಚಿ ಕೂಸು ತಿರುಗಿಸುತ್ತಾಳೆ. ನನ್ನ ಅಣ್ಣನ ಹೆಂಡತಿಗೂ ಅವಳೇ ತಿರುಗಿಸಿದ್ದು. ಆಸ್ಪತ್ರೆಯವರು ಮಾಡುವುದೂ ಕೈಯಿಂದಲೇ ಅಲ್ಲವೇ ಎಂದು ಅವಳು ಕೇಳುತ್ತಾಳೆ. ನಮಗೆ ಉತ್ತರ ಹೊಳೆಯಲಿಲ್ಲ.
(ಒಬ್ಬ ತಾಯಿ, ಅಂಕೋಲಾ)

ಉತ್ತರ: ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಆಸ್ಪತ್ರೆಯಲ್ಲಿ ಮಾಡುವುದೂ ಕೈಯಿಂದಲೇ, ಆ ವಿದ್ಯೆ ಇಂಥ ಅಜ್ಜಿಯರಿಂದಲೇ ಬಂದಿರಬೇಕು. ವ್ಯತ್ಯಾಸ ಇರುವುದು ಕೈಯ ಸುತ್ತ. ಆಸ್ಪತ್ರೆಯಲ್ಲಿ ಮೊದಲು ಸ್ಕ್ಯಾನಿಂಗ್ ಮಾಡಿ ಮಾಸು ಎಲ್ಲಿದೆ, ನೀರು ಎಷ್ಟಿದೆ ಎಂದು ನೋಡುತ್ತಾರೆ. ಕೂಸಿನ ಎದೆಬಡಿತವನ್ನು ಮೊದಲು, ನಡುವೆ, ಆಮೇಲೆ ದಾಖಲಿಸುತ್ತಾರೆ. ಬಡಿತ ಇಳಿದರೆ ಕೈ ತೆಗೆಯುತ್ತಾರೆ, ಏರದಿದ್ದರೆ ಪಕ್ಕದ ಕೋಣೆಯಲ್ಲೇ ಶಸ್ತ್ರಚಿಕಿತ್ಸೆಗೆ ಸಿದ್ಧವಿರುತ್ತದೆ. ಅಜ್ಜಿಯ ಚಾಪೆಯ ಪಕ್ಕದಲ್ಲಿ ಏನಿದೆ? ಒತ್ತಡಕ್ಕೆ ಮಾಸು ಗೋಡೆಯಿಂದ ಬಿಟ್ಟುಕೊಂಡರೆ ರಕ್ತ ಹೊರಗೆ ಕಾಣಿಸದೆಯೂ ಒಳಗೇ ತುಂಬಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ, ಕೂಸು ಆಡುವುದು ನಿಲ್ಲುತ್ತದೆ, ಆಮೇಲೆ 108ಕ್ಕೆ ಫೋನ್.

ಅಂಥ ಒಬ್ಬಳನ್ನು ನಾನು ನೋಡಿದ್ದೇನೆ. ಹೊಟ್ಟೆಯ ಮೇಲೆ ಕೊಬ್ಬರಿ ಎಣ್ಣೆಯ ಹೊಳಪು ಇನ್ನೂ ಇತ್ತು. ನನ್ನ ಕೈ ಆ ಎಣ್ಣೆಯ ಮೇಲೆ ಜಾರಿತು, ಒಳಗೆ ಬಡಿತ ಸಿಗಲಿಲ್ಲ. ತಾಯಿ ಉಳಿದಳು. ಹೆಚ್ಚು ಬರೆಯುವುದಿಲ್ಲ.

ಅಜ್ಜಿಯನ್ನು ಬೈಯಬೇಡಿ. ಸೊಂಟಕ್ಕೆ, ಕಾಲಿಗೆ, ಪಾದಕ್ಕೆ ಎಷ್ಟು ಬೇಕಾದರೂ ಎಣ್ಣೆ ತಿಕ್ಕಲಿ, ಮಗಳಿಗೆ ನಿದ್ದೆಯಾದರೂ ಬರುತ್ತದೆ. ಹೊಟ್ಟೆಯನ್ನು ಬಿಡಲಿ. ಇನ್ನೊಂದು, ‘ಅಡ್ಡಾದಿಡ್ಡಿ’ ಎಂದು ಬರೆದಿದ್ದೀರಿ. ಬ್ರೀಚ್ ಬೇರೆ, ಅಡ್ಡ ಮಲಗಿದ್ದು ಬೇರೆ. ವರದಿಯಲ್ಲಿ ಏನಿದೆ ಎಂದು ಆಶಾ ಕಾರ್ಯಕರ್ತೆಯನ್ನೋ ದಾದಿಯನ್ನೋ ಕೇಳಿ ಓದಿಸಿಕೊಳ್ಳಿ. ದಿನ ತುಂಬಿದ ಮೇಲೂ ಅಡ್ಡವೇ ಇದ್ದರೆ ನೋವು ಬರುವವರೆಗೆ ಮನೆಯಲ್ಲಿ ಕೂರುವ ಹಾಗಿಲ್ಲ.

*

ಪ್ರಶ್ನೆ: ಮಾನ್ಯ ವೈದ್ಯರೇ, ಪತ್ನಿಗೆ 36 ವಾರ, ಎರಡನೆಯ ಮಗು. ಮೊದಲನೆಯದು ಸಹಜ ಹೆರಿಗೆ. ಈಗ ಬ್ರೀಚ್. ದೊಡ್ಡ ಆಸ್ಪತ್ರೆಯೊಂದರಲ್ಲಿ ‘ಹೊಟ್ಟೆಯ ಮೇಲಿಂದ ಮಗುವನ್ನು ತಿರುಗಿಸಿ ನೋಡೋಣ, ಆಗದಿದ್ದರೆ ಸಿಸೇರಿಯನ್’ ಎಂದಿದ್ದಾರೆ. ಆಯಿಗೆ ಭಯ, ನೇರವಾಗಿ ಆಪರೇಶನ್ನೇ ಮಾಡಿಸು, ಒಳ್ಳೆಯ ಮುಹೂರ್ತವೂ ಸಿಗುತ್ತದೆ ಎನ್ನುತ್ತಾಳೆ. ಮಳೆಗಾಲ ಬೇರೆ. ಏನು ಮಾಡಲಿ?
(ಕಾರವಾರ)

ಉತ್ತರ: ಹೀಗೆ ಹೇಳಿದ ಆಸ್ಪತ್ರೆ ಸಿಕ್ಕಿದ್ದೇ ನಿಮ್ಮ ಅದೃಷ್ಟ. ಎಷ್ಟೋ ಕಡೆ ಬ್ರೀಚ್ ಎಂದ ಕೂಡಲೇ ದಿನಾಂಕ ಬರೆದು ಕೈಗೆ ಕೊಡುತ್ತಾರೆ, ತಿರುಗಿಸುವ ದಾರಿಯೊಂದಿದೆ ಎಂದು ಬಾಯಿ ಬಿಡುವುದಿಲ್ಲ.

ಚೊಚ್ಚಲಾದರೆ 36ನೆಯ ವಾರದಿಂದ, ಹೆತ್ತವರಾದರೆ 37ರಿಂದ ಇದನ್ನು ಮಾಡುತ್ತಾರೆ. ಅದಕ್ಕಿಂತ ಮೊದಲು ಮಾಡಿದರೆ ಕೂಸು ಮತ್ತೆ ಹೊರಳಬಹುದು, ಏನಾದರೂ ತೊಂದರೆಯಾದರೆ ಹೆರಿಸಲು ದಿನವೂ ತುಂಬಿರುವುದಿಲ್ಲ. ಬಹಳ ತಡ ಮಾಡಿದರೆ ಕುಂಡೆ ಸೊಂಟದೊಳಗೆ ಇಳಿದು ಕೂತುಬಿಡುತ್ತದೆ. ಶಿರಸಿಯ ಹುಡುಗಿಗೆ ವಾರ ದಾಟಿಸಬೇಡ ಎಂದದ್ದು ಇದಕ್ಕೇ. 36 ವಾರ ಮುಗಿದ ಮೇಲೆ ಚೊಚ್ಚಲ ಗರ್ಭಿಣಿಯರಲ್ಲಿ ತಾನಾಗಿ ತಿರುಗುವ ಕೂಸು ನೂರಕ್ಕೆ ಎಂಟರಷ್ಟು. ಕೈಯಿಂದ ತಿರುಗಿಸಲು ಯತ್ನಿಸಿದರೆ ಸುಮಾರು ಅರ್ಧದಷ್ಟು ಮಂದಿಗೆ ಫಲ ಸಿಗುತ್ತದೆ, ಚೊಚ್ಚಲಿಗೆ ನೂರಕ್ಕೆ 40, ನಿಮ್ಮ ಪತ್ನಿಯಂತೆ ಒಮ್ಮೆ ಹೆತ್ತವರಿಗೆ 60. ತಿರುಗಿದ ಮೇಲೆ ಮತ್ತೆ ಉಲ್ಟಾ ಆಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಎಡವಟ್ಟಾಗಿ ತುರ್ತು ಸಿಸೇರಿಯನ್ ಬೇಕಾಗುವುದು 200ರಲ್ಲಿ ಒಬ್ಬರಿಗೆ. ಆ ಒಬ್ಬರಿಗಾಗಿಯೇ ಅದನ್ನು ಆಸ್ಪತ್ರೆಯಲ್ಲಿ ಮಾಡುವುದು.

ಆಯಿಗೆ ಭಯ ಹೋಗುವಂತೆ ಹೇಗೆ ಮಾಡುತ್ತಾರೆ ಎಂದು ಹೇಳಿ. ಗರ್ಭಕೋಶ ಸಡಿಲವಾಗಲು ಒಂದು ಚುಚ್ಚುಮದ್ದು ಕೊಡುತ್ತಾರೆ, ಅದರಿಂದ ಕೆಲವು ನಿಮಿಷ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಹೆದರಬಾರದು. ಹೊಟ್ಟೆಗೆ ಜಾರುವಂಥ ಜೆಲ್ ಹಚ್ಚುತ್ತಾರೆ. ವೈದ್ಯರ ಒಂದು ಕೈ ಕಿಬ್ಬೊಟ್ಟೆಯೊಳಗೆ ಇಳಿದು ಕೂಸಿನ ಕುಂಡೆಯನ್ನು ಬೊಗಸೆಯಲ್ಲಿ ಎತ್ತುತ್ತದೆ. ಇನ್ನೊಂದು ಕೈ ಮೇಲೆ ತಲೆಯನ್ನು ಹುಡುಕುತ್ತದೆ. ನೀರು ತುಂಬಿದ ಹಂಡೆಯಲ್ಲಿ ತೇಲುವ ತೆಂಗಿನಕಾಯಿಯನ್ನು ಬೆರಳಿನಿಂದ ಅದುಮಿದರೆ ಹೇಗೆ ಹೋಗಿ ತಿರುಗಿ ಬೆರಳಿಗೆ ತಾಗುತ್ತದೋ, ಕೂಸಿನ ತಲೆ ಕೈಗೆ ಹಾಗೇ ತಾಗುತ್ತದೆ. ಆಮೇಲೆ ಎರಡೂ ಕೈ ಸೇರಿ ಕೂಸು ಮುಂದಕ್ಕೆ ಲಾಗ ಹಾಕುವಂತೆ ಮೆಲ್ಲಗೆ ನೂಕುತ್ತವೆ. ಅರ್ಧ ದಾರಿ ದಾಟುವವರೆಗೆ ಅದು ಹಟ ಮಾಡುತ್ತದೆ, ದಾಟಿದ ಮೇಲೆ ಉಳಿದರ್ಧ ತಾನೇ ಹೋಗುತ್ತದೆ. ನನ್ನ ಕೈಗೆ ಆ ಕ್ಷಣ ಇವತ್ತಿಗೂ ನೆನಪಿದೆ. ನೋವಿರುವುದು ನಿಜ, ತಾಳಲಾಗದಿದ್ದರೆ ಪತ್ನಿ ‘ನಿಲ್ಲಿಸಿ’ ಎಂದರೆ ನಿಲ್ಲಿಸುತ್ತಾರೆ. ಪತ್ನಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ ದಿನ ಇನ್ನೊಂದು ಇಂಜೆಕ್ಷನ್ ಬೇಕು, ನೆನಪಿಸಿ.

ತಿರುಗದಿದ್ದರೆ ಸಿಸೇರಿಯನ್. ಕುಂಡೆ ಮುಂದಾಗಿ ಸಹಜ ಹೆರಿಗೆಯೂ ಆಗುತ್ತದೆ, ನಾನೇ ಬಹಳಷ್ಟು ಮಾಡಿಸಿದ್ದೇನೆ. ಆದರೆ ಅದಕ್ಕೆ ಪಳಗಿದ ಕೈ ಬೇಕು. 2000ದಲ್ಲಿ 26 ದೇಶಗಳ 2,088 ಗರ್ಭಿಣಿಯರ ಅಧ್ಯಯನ ಪ್ರಕಟವಾಯಿತು. ಯೋಜಿತ ಸಿಸೇರಿಯನ್ನಿನಲ್ಲಿ ಮಗುವಿನ ಸಾವು ಅಥವಾ ಗಂಭೀರ ತೊಂದರೆ ನೂರಕ್ಕೆ 1.6, ಸಹಜ ಹೆರಿಗೆಗೆ ಯತ್ನಿಸಿದಲ್ಲಿ 5 ಎಂದು ಅದು ಹೇಳಿತು. ಅಂದಿನಿಂದ ಲೋಕವೆಲ್ಲ ಕತ್ತಿ ಹಿಡಿಯಿತು. ಅವೇ ಮಕ್ಕಳನ್ನು ಎರಡು ವರ್ಷದ ಬಳಿಕ ನೋಡಿದಾಗ ಎರಡೂ ಗುಂಪಿನ ನಡುವೆ ಹೇಳುವಂಥ ಅಂತರ ಉಳಿದಿರಲಿಲ್ಲ, ಆದರೆ ಅಷ್ಟರಲ್ಲಿ ಹೊಸ ವೈದ್ಯರಿಗೆ ಬ್ರೀಚ್ ಹೆರಿಗೆ ಕಲಿಯುವ ಅವಕಾಶವೇ ತಪ್ಪಿಹೋಗಿತ್ತು. ನನ್ನ ಕಾಲದವರ ಕೈಗಳು ಈಗ ಹೂವಿನ ಗಿಡಕ್ಕೆ ನೀರು ಹಾಕುತ್ತಿವೆ. ಹಾಗಾಗಿ ಕೈ ಪಳಗದ ಕಡೆ ಸಹಜ ಹೆರಿಗೆಗೆ ಹಟ ಹಿಡಿಯಬೇಡಿ.

ಮುಹೂರ್ತದ ವಿಷಯ. ಸಾಮಾನ್ಯವಾಗಿ 39ನೆಯ ವಾರಕ್ಕೆ ದಿನ ಇಟ್ಟುಕೊಳ್ಳುತ್ತಾರೆ. ಆ ವಾರದೊಳಗೆ ವೈದ್ಯರಿಗೆ ಒಪ್ಪಿಗೆಯಾಗುವ ದಿನಗಳಲ್ಲಿ ಆಯಿ ಒಂದನ್ನು ಆರಿಸಲಿ, ನನ್ನದೇನೂ ತಕರಾರಿಲ್ಲ. ನಕ್ಷತ್ರಕ್ಕಾಗಿ 37ಕ್ಕೆ ಎಳೆಯಬೇಡಿ, ಬಲಿಯದ ಶ್ವಾಸಕೋಶಕ್ಕೆ ಯಾವ ಗ್ರಹವೂ ಗಾಳಿ ಊದುವುದಿಲ್ಲ.

ಮಳೆಗಾಲದ ಚಿಂತೆ ಮಾತ್ರ ಸರಿಯಾದ ಚಿಂತೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು, ಮುಂದಿನ ತಿಂಗಳು ನಿಮ್ಮೂರಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದಕ್ಷಿಣಕ್ಕೂ ಉತ್ತರಕ್ಕೂ ದಾರಿ ತಪ್ಪುವುದೆಂದರೇನು ಎಂದು ಕಾರವಾರದವರಿಗೆ ನಾನು ಹೇಳಬೇಕಿಲ್ಲ. ದೊಡ್ಡ ಆಸ್ಪತ್ರೆ ದೂರದಲ್ಲಿದ್ದರೆ 38ನೆಯ ವಾರಕ್ಕೇ ಅದರ ಹತ್ತಿರದ ನೆಂಟರ ಮನೆಗೆ ಹೋಗಿ ಇರಿ. ಕಾರವಾರದಲ್ಲೇ ತುರ್ತಾಗಿ ಸಿಸೇರಿಯನ್ ಎಲ್ಲಿ, ಯಾವ ಹೊತ್ತಿಗೆ ಆಗುತ್ತದೆ ಎಂದು ಈಗಲೇ ಹೋಗಿ ವಿಚಾರಿಸಿ, ವರದಿಗಳ ಒಂದು ಪ್ರತಿ ಅಲ್ಲಿ ತೋರಿಸಿಡಿ. ಮನೆಯಲ್ಲಿ ನೀರು ಒಡೆದರೆ ಅದರ ಜೊತೆ ಹೊಕ್ಕುಳಬಳ್ಳಿ ಜಾರುವ ಅಪಾಯ ಬ್ರೀಚಿನಲ್ಲಿ ಹೆಚ್ಚು, ಕಾಲು ಕೆಳಗಿದ್ದರೆ ಇನ್ನೂ ಹೆಚ್ಚು. ಬಳ್ಳಿ ಕಂಡರೆ, ಕೈಗೆ ಸಿಕ್ಕರೆ ಅದನ್ನು ಒಳಗೆ ತುರುಕಬೇಡಿ. ಪತ್ನಿ ಮೊಣಕಾಲೂರಿ, ತಲೆ ತಗ್ಗಿಸಿ, ಕುಂಡೆ ಎತ್ತಿಕೊಂಡಿರಲಿ. ವಾಹನದಲ್ಲಿ ಎಡಮಗ್ಗುಲಾಗಿ ಮಲಗಿಸಿ ಸೊಂಟದ ಕೆಳಗೆ ದಿಂಬು ಕೊಡಿ. 108ರವರಿಗೆ ಮೊದಲ ಮಾತಿನಲ್ಲೇ ‘ಬ್ರೀಚ್, ಬಳ್ಳಿ ಹೊರಬಂದಿದೆ’ ಎನ್ನಿ.

*

ಪ್ರಶ್ನೆ: ಮೊಮ್ಮಗಳು ಬ್ರೀಚ್, ಸಿಸೇರಿಯನ್ ಆಗಿ ಹುಟ್ಟಿ ಇಪ್ಪತ್ತು ದಿನ. ಕಾಲು ಎರಡೂ ಮೇಲೆ ಮಡಚಿಕೊಂಡೇ ಇರುತ್ತಾಳೆ. ನೀರು ಹಾಕುವವಳು ಕಾಲು ನೆಟ್ಟಗಾಗಲೆಂದು ಎಳೆದು, ಸೇರಿಸಿ, ಹಳೆ ಸೀರೆಯ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾಳೆ. ಸರಿಯೇ?
(ಅಜ್ಜಿ, ಯಲ್ಲಾಪುರ)

ಉತ್ತರ: ಅಮ್ಮ, ಇವತ್ತಿನಿಂದಲೇ ನಿಲ್ಲಿಸಿ. ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಪಾದ ಮುಖದ ಹತ್ತಿರ ಇಟ್ಟುಕೊಂಡು ಕೂತಿದ್ದ ಕೂಸು ಕೆಲವು ವಾರ ಹಾಗೇ ಮಡಚಿಕೊಳ್ಳುತ್ತದೆ, ತಾನೇ ಬಿಡಿಸಿಕೊಳ್ಳುತ್ತದೆ. ಬ್ರೀಚ್ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ತೊಡೆಯ ಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರದಿರುವ ಸಂಭವ ಉಳಿದವರಿಗಿಂತ ಹೆಚ್ಚು. ಕಾಲು ನೆಟ್ಟಗೆ ಸೇರಿಸಿ ಬಿಗಿದರೆ ಆ ಗುಂಡು ಬಟ್ಟಲಿನಿಂದ ಹೊರಗೆ ಸರಿಯುತ್ತದೆ. ಜಪಾನಿನಲ್ಲಿಯೂ ಹೀಗೇ ಸುತ್ತುತ್ತಿದ್ದರು. 1970ರ ದಶಕದಲ್ಲಿ ಸರಕಾರ ತಾಯಂದಿರಿಗೂ ಅಜ್ಜಿಯರಿಗೂ ತಿಳಿಹೇಳಿ ಅದನ್ನು ಬಿಡಿಸಿದ ಮೇಲೆ ಸೊಂಟದ ಕೀಲು ತಪ್ಪಿದ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಅಜ್ಜಿಯರಿಗೆ ಹೇಳಿದ್ದು ಅವರ ಜಾಣತನ, ಮನೆಯಲ್ಲಿ ಬಟ್ಟೆ ಸುತ್ತುವವರು ಯಾರೆಂದು ಅವರಿಗೆ ಗೊತ್ತಿತ್ತು.

ಕೂಸಿಗೆ ಆರು ವಾರ ತುಂಬುವ ಹೊತ್ತಿಗೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿ, ನೋಡಲು ಸರಿಯಾಗಿ ಕಂಡರೂ ಮಾಡಿಸಿ. ತೊಂದರೆ ಇದ್ದರೆ ಈ ವಯಸ್ಸಿನಲ್ಲಿ ಮೆತ್ತನೆಯ ಪಟ್ಟಿ ಕಟ್ಟಿದರೆ ಸಾಕಾಗುತ್ತದೆ. ನಡೆಯಲು ಶುರುಮಾಡಿ ಕುಂಟುವುದು ಕಂಡ ಮೇಲಾದರೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ನಡುವೆ ಯಾರಾದರೂ ಕೂಸಿನ ಬೆನ್ನುಮೂಳೆ ‘ಸರಿಪಡಿಸುತ್ತೇನೆ’ ಎಂದು ಬಂದರೆ ಚಹಾ ಕೊಟ್ಟು ಕಳುಹಿಸಿ.

ಸುತ್ತುವುದನ್ನು ಬಿಡಬೇಕೆಂದಿಲ್ಲ. ಯಲ್ಲಾಪುರದ ಚಳಿ ನನಗೆ ಗೊತ್ತು. ಎದೆಯವರೆಗೆ ಬೆಚ್ಚಗೆ ಸುತ್ತಿ, ಸೊಂಟದ ಕೆಳಗೆ ಸಡಿಲ ಬಿಡಿ. ಸುತ್ತಿದ ಮೇಲೆ ನಿಮ್ಮ ಕೈಯನ್ನು ಬಟ್ಟೆಯೊಳಗೆ ಹಾಕಿ ನೋಡಿ. ಮೊಮ್ಮಗಳು ಕಪ್ಪೆಯಂತೆ ಮೊಣಕಾಲು ಮಡಚಿ ಅಗಲಿಸಿ ನಿಮ್ಮ ಅಂಗೈಗೆ ಒದೆಯುವಷ್ಟು ಜಾಗ ಒಳಗಿರಬೇಕು. ಒದ್ದರೆ ಸೊಂಟನೋವಿಗೂ ಒಮ್ಮೆ ಕೇಳಿ ನೋಡಿ, ಹೇಗೂ ಬ್ರೀಚ್ ಕೂಸು.